ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತ ತಾಯಿ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ 1951ರ ಸುಮಾರಿಗೆ ಹೋರ್ಸ್ಟ್ ಬಿಕೆಲ್ ಎಂಬ ಜರ್ಮನ್ ವೈದ್ಯರು ಕೆಲಸ ಮಾಡುತ್ತಿದ್ದರು. ಬೆಳಗ್ಗೆ ಅವರು ಪ್ರಯೋಗಶಾಲೆಗೆ ಬರುವ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಹೆಂಗಸು ಕಾದು ನಿಂತಿರುತ್ತಿದ್ದಳು. ಆಕೆ ಕೇಳುತ್ತಿದ್ದುದು ಒಂದೇ ಪ್ರಶ್ನೆ: ನನ್ನ ಮಗಳಿಗೆ ಏನು ಮಾಡುತ್ತೀರಿ? ವೈದ್ಯರಲ್ಲಿ ಉತ್ತರವಿರಲಿಲ್ಲ. ಮರುದಿನ ಆಕೆ ಮತ್ತೆ ಅಲ್ಲೇ ನಿಂತಿರುತ್ತಿದ್ದಳು.

ಮಗುವಿನ ಹೆಸರು ಷೀಲಾ. ಎರಡು ವರ್ಷವಾಗುತ್ತ ಬಂದಿದ್ದರೂ ಅದು ನಿಲ್ಲುತ್ತಿರಲಿಲ್ಲ, ನಡೆಯುತ್ತಿರಲಿಲ್ಲ, ಮಾತಿನ ಸುಳಿವೇ ಇರಲಿಲ್ಲ. ಹೊತ್ತೆಲ್ಲ ನರಳುವುದು, ಅಳುವುದು, ತಲೆಯನ್ನು ಚಚ್ಚಿಕೊಳ್ಳುವುದು. ಊಟದ ಮೇಲೆ ಆಸೆಯಿಲ್ಲ, ಹತ್ತಿರ ಬಂದವರ ಕಡೆ ದೃಷ್ಟಿಯಿಲ್ಲ. ಆಸ್ಪತ್ರೆಯಲ್ಲಿ ಬುದ್ಧಿಯ ಬೆಳವಣಿಗೆ ಹಿಂದುಳಿದ ಮಕ್ಕಳ ಮೂತ್ರವನ್ನೆಲ್ಲ ಪರೀಕ್ಷಿಸುತ್ತ ಬಂದಾಗ ಈ ಮಗುವಿನದು ಹಸಿರು ಬಣ್ಣಕ್ಕೆ ತಿರುಗಿತು. ಬಿಕೆಲ್ ಅವರಿಗೆ ಸಹಜವಾಗಿಯೇ ಸಂತೋಷವಾಯಿತು. ರೋಗ ಯಾವುದೆಂದು ಖಚಿತವಾಗಿತ್ತು. ಅದಕ್ಕೆ ಸಾಕ್ಷಿಯಾದ ಕಲೆ ಶೋಧಕ ಕಾಗದದ ಮೇಲೆ ಅಚ್ಚುಕಟ್ಟಾಗಿ ಮೂಡಿತ್ತು. ಅದನ್ನು ಅವರು ತಾಯಿಗೆ ತೋರಿಸಿದರು. ತಾಯಿ ಕಾಗದವನ್ನು ನೋಡಿ ಮೆಚ್ಚಲಿಲ್ಲ. ಆಕೆಗೆ ಬೇಕಾಗಿದ್ದುದು ರೋಗದ ಹೆಸರಲ್ಲ.

ಆ ಹೆಸರು ಹುಟ್ಟಿದ ಕಥೆಯಲ್ಲಿಯೂ ಒಬ್ಬ ತಾಯಿಯಿದ್ದಾಳೆ. ನಾರ್ವೆ ದೇಶದ ಎಗೆಲಾಂಡ್ ದಂಪತಿಗಳಿಗೆ ಒಬ್ಬ ಮಗಳು, ಒಬ್ಬ ಮಗ. ಹುಟ್ಟುವಾಗ ಇಬ್ಬರೂ ಎಲ್ಲ ಮಕ್ಕಳಂತೆಯೇ ಇದ್ದರು. ತಿಂಗಳುಗಳು ಕಳೆದಂತೆ ಬುದ್ಧಿ ಬೆಳೆಯದೆ ಹೋಯಿತು. ಮಕ್ಕಳ ಮೈಯಿಂದ ಒಂದು ಬಗೆಯ ಮುಗ್ಗಲು ವಾಸನೆ ಬರುತ್ತದೆಂಬುದನ್ನು ತಾಯಿ ಗಮನಿಸಿದಳು. ಕಂಡ ಕಂಡ ವೈದ್ಯರಿಗೆಲ್ಲ ಹೇಳಿದಳು. ಯಾರೂ ಅದಕ್ಕೆ ಬೆಲೆ ಕೊಡಲಿಲ್ಲ. ಕೊನೆಗೆ ಆಸ್ಲೊ ನಗರದ ಆಸ್‌ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯರು ಆಕೆಯ ಮಾತಿಗೆ ಕಿವಿಗೊಟ್ಟರು. ಅವರು ರಸಾಯನಶಾಸ್ತ್ರವನ್ನೂ ಓದಿದವರು. ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿ ನೋಡಿದರೆ ಎಂದೂ ಕಾಣದ ಹಸಿರು! ಯಾವುದಾದರೂ ಔಷಧದ ಪ್ರಭಾವವಿದ್ದೀತೆಂದು ಎಲ್ಲ ಔಷಧಗಳನ್ನೂ ಬಿಡಿಸಿ ಮತ್ತೆ ತರಿಸಿದರು. ಮತ್ತೆ ಹಸಿರು. ಆ ತಾಯಿ ಲೀಟರುಗಟ್ಟಲೆ ಮೂತ್ರವನ್ನು ಹೊತ್ತು ತಂದುಕೊಟ್ಟಳು. ಫೋಲಿಂಗ್ ಅವರು ಅದರಿಂದ ಫೀನೈಲ್ ಪೈರೂವಿಕ್ ಆಮ್ಲವನ್ನು ಬೇರ್ಪಡಿಸಿ 1934ರಲ್ಲಿ ಪ್ರಕಟಿಸಿದರು. ಈಗ ಈ ರೋಗಕ್ಕೆ ಫೀನೈಲ್‌ಕೀಟೋನೂರಿಯ ಎಂದು ಹೆಸರು. ಆ ಇಬ್ಬರು ಮಕ್ಕಳಿಗೆ ಈ ಶೋಧದಿಂದ ಯಾವ ಪ್ರಯೋಜನವೂ ಆಗಲಿಲ್ಲವೆಂಬುದು ಬೇರೆ ಮಾತು.

ಹೆಸರು ನಾಲಿಗೆಗೆ ತೊಡಕಾದರೂ ವಿಷಯ ತೊಡಕಿನದಲ್ಲ. ಹಾಲು, ಮೊಟ್ಟೆ, ಬೇಳೆ, ಅಕ್ಕಿ, ರಾಗಿ ಇವೆಲ್ಲದರಲ್ಲಿಯೂ ಸಸಾರಜನಕವಿದೆ. ಅದು ಜೀರ್ಣವಾದಾಗ ಒಡೆದು ಅಮೈನೊ ಆಮ್ಲಗಳಾಗುತ್ತದೆ. ಅವುಗಳಲ್ಲೊಂದು ಫೀನೈಲ್ ಅಲನೀನ್. ಮೈ ಬೆಳೆಯುವುದಕ್ಕೆ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕದ್ದನ್ನು ಪಿತ್ತಜನಕಾಂಗ ಬೇರೊಂದು ವಸ್ತುವಾಗಿ ಮಾರ್ಪಡಿಸುತ್ತದೆ. ಈ ಕೆಲಸ ಮಾಡುವ ಕಿಣ್ವ ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ. ಕೆರೆಗೆ ನೀರು ಬರುತ್ತಲೇ ಇದೆ, ತೂಬು ಮುಚ್ಚಿಕೊಂಡಿದೆ. ಏರಿಯ ಮಟ್ಟಕ್ಕೆ ನೀರು ಬಂದಾಗ ಏನಾಗುವುದೆಂದು ನಮ್ಮ ರೈತರಿಗೆ ಹೇಳಬೇಕಾಗಿಲ್ಲ. ಇಲ್ಲಿ ಹಾಗೆ ಏರಿದ ಫೀನೈಲ್ ಅಲನೀನ್ ಬೆಳೆಯುತ್ತಿರುವ ಮಿದುಳನ್ನು ಕೆಡಿಸುತ್ತದೆ. ಎಂದರೆ ತಾಯಿ ಅಕ್ಕರೆಯಿಂದ ಕುಡಿಸಿದ ಹಾಲೇ ಮಗುವಿಗೆ ಮುಳುವಾಗುತ್ತದೆ, ಅದೂ ಆಕೆಗೆ ಗೊತ್ತಾಗದಂತೆ.

ಅಮೆರಿಕದ ಕಾದಂಬರಿಕಾರ್ತಿ ಪರ್ಲ್ ಬಕ್ ಅವರ ಮಗಳಿಗೂ ಇದೇ ರೋಗವಿತ್ತು. ಮಗಳು ಹುಟ್ಟಿದ್ದು 1920ರಲ್ಲಿ, ಚೀನಾದಲ್ಲಿ. ರೋಗವೇನೆಂದು ಆಗ ಹೇಳಬಲ್ಲವರು ಪ್ರಪಂಚದಲ್ಲೇ ಇರಲಿಲ್ಲ. 1929ರಲ್ಲಿ ಮಗಳನ್ನು ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಶಾಲೆಯಲ್ಲಿ ಬಿಟ್ಟರು. ಅದರ ವೆಚ್ಚಕ್ಕಾಗಿ ದುಡಿದುದು ಆ ತಾಯಿಯ ಲೇಖನಿ. ಮಗಳ ವಿಷಯವನ್ನು ಬಹುಕಾಲ ಯಾರೊಡನೆಯೂ ಆಡದಿದ್ದವರು 1950ರಲ್ಲಿ ಅದನ್ನೇ ಒಂದು ಸಣ್ಣ ಪುಸ್ತಕವಾಗಿ ಬರೆದರು. ಲೇಖನಿಯಿದ್ದವರ ಮಾತು ಹೀಗಾಯಿತು. ಬರ್ಮಿಂಗ್‌ಹ್ಯಾಮಿನ ಆ ತಾಯಿಯ ಬಳಿ ಲೇಖನಿಯೂ ಇರಲಿಲ್ಲ, ಹಣವೂ ಇರಲಿಲ್ಲ. ಆಕೆಗೆ ಇದ್ದ ದಾರಿಯೆಂದರೆ ಪ್ರಯೋಗಶಾಲೆಯ ಬಾಗಿಲು.

ಆಕೆಯ ಹಟಕ್ಕೆ ಬಿಕೆಲ್ ಅವರು ಕೊನೆಗೂ ಮಣಿದರು. ನೀರು ಬರುವುದನ್ನೇ ತಗ್ಗಿಸಿದರೆ ಹೇಗೆ, ಎಂದರೆ ಫೀನೈಲ್ ಅಲನೀನ್ ಇಲ್ಲದ ಆಹಾರವನ್ನೇ ಕೊಟ್ಟರೆ ಹೇಗೆ ಎಂಬ ಯೋಚನೆ ಲಂಡನ್ನಿನ ಲೂಯಿ ವುಲ್ಫ್ ಎಂಬ ರಸಾಯನಜ್ಞರಿಗೆ ಮೊದಲೇ ಹೊಳೆದಿತ್ತು. ಅವರ ಆಸ್ಪತ್ರೆಯ ಹಿರಿಯರು ಅದನ್ನು ಒಪ್ಪಿರಲಿಲ್ಲ. ಹುಟ್ಟಿನಿಂದ ಬಂದ ಬುದ್ಧಿಮಾಂದ್ಯ ಊಟದಿಂದ ಸರಿಹೋದೀತೆ ಎಂಬುದು ಅವರ ವಾದ. ಬಿಕೆಲ್ ವುಲ್ಫರ ಸಲಹೆ ಪಡೆದರು. ಜೊತೆಗೆ ಜಾನ್ ಜೆರಾರ್ಡ್ ಎಂಬ ಮಕ್ಕಳ ವೈದ್ಯರಿದ್ದರು, ಪ್ರಯೋಗಶಾಲೆಯ ಮುಖ್ಯಸ್ಥೆ ಎವೆಲಿನ್ ಹಿಕ್‌ಮನ್ಸ್ ಇದ್ದರು. ಹಿಕ್‌ಮನ್ಸ್ ಅವರಿಗೆ ಆಗ ಎಪ್ಪತ್ತರ ಸಮೀಪ ವಯಸ್ಸು. ಹಾಲಿನ ಸಸಾರಜನಕವನ್ನು ಆಮ್ಲದಿಂದ ಒಡೆದು, ಇದ್ದಿಲಿನ ಮೂಲಕ ಹಾಯಿಸಿದರೆ ಫೀನೈಲ್ ಅಲನೀನನ್ನು ಇದ್ದಿಲು ಹಿಡಿದುಕೊಳ್ಳುತ್ತದೆ. ಅದರೊಡನೆ ಬೇಕಾದ ಬೇರೆ ಕೆಲವು ಅಂಶಗಳೂ ಹೋಗುತ್ತವೆ. ಅವನ್ನು ಮತ್ತೆ ಬೆರೆಸಬೇಕು. ಈ ಕೆಲಸವೆಲ್ಲ ನಡೆದುದು ಮಂಜಿನಷ್ಟು ತಣ್ಣನೆಯ ಕೊಠಡಿಯಲ್ಲಿ. ಸಿದ್ಧವಾದ ವಸ್ತುವಿನ ರುಚಿಯಾಗಲಿ ವಾಸನೆಯಾಗಲಿ ನಾಲಿಗೆಗೆ ಹಿತವಾದುದಲ್ಲ. ಎರಡು ವರ್ಷದ ಮಗುವಿಗೆ ಅದನ್ನು ದಿನವೂ ಕುಡಿಸಬೇಕಾಗಿತ್ತು. ಕುಡಿಸಬೇಕಾದವಳು ತಾಯಿ.

ಮೊದಲು ಆ ಪಥ್ಯ ಎಡವಿತು. ಫೀನೈಲ್ ಅಲನೀನ್ ಸ್ವಲ್ಪವೂ ಇಲ್ಲವಾದಾಗ ಮಗುವಿನ ತೂಕ ಇಳಿಯತೊಡಗಿತು. ಮೈ ತನ್ನ ಮಾಂಸವನ್ನೇ ಕರಗಿಸಿಕೊಳ್ಳುತ್ತಿತ್ತು. ಆಗ ಅಳೆದು ಸ್ವಲ್ಪ ಹಾಲನ್ನು ಸೇರಿಸಿದರು. ಆಮೇಲಿನ ತಿಂಗಳುಗಳಲ್ಲಿ ಷೀಲಾ ಅಂಬೆಗಾಲಿಟ್ಟಳು. ಎದ್ದು ನಿಲ್ಲುವುದನ್ನು ಕಲಿತಳು, ಕುರ್ಚಿ ಹತ್ತುವುದನ್ನು ಕಲಿತಳು. ಕಣ್ಣಿಗೆ ಕಳೆ ಬಂತು, ಕೂದಲಿನ ಬಣ್ಣ ಕಪ್ಪಾಗುತ್ತ ಬಂತು. ಸದಾ ಅಳುವುದೂ ತಲೆ ಚಚ್ಚಿಕೊಳ್ಳುವುದೂ ನಿಂತಿತು.

ಮುಂದೆ ನಡೆದುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಇದು ಪಥ್ಯದ ಗುಣವೋ, ಆಕಸ್ಮಿಕವೋ, ಅಥವಾ ತಾಯಿಯ ಆಸೆಗಣ್ಣಿಗೆ ಹಾಗೆ ಕಂಡದ್ದೋ? ಲೋಕ ನಂಬಬೇಕಾದರೆ ಪುರಾವೆ ಬೇಕು. ವೈದ್ಯರು ಷೀಲಾಳ ಆಹಾರಕ್ಕೆ ಫೀನೈಲ್ ಅಲನೀನನ್ನು ಮತ್ತೆ ಬೆರೆಸಿದರು, ತಾಯಿಗೆ ತಿಳಿಸಲಿಲ್ಲ. ತಿಳಿಸಿದರೆ ಆಕೆಯ ಕಣ್ಣು ನಿಷ್ಪಕ್ಷಪಾತವಾಗಿ ನೋಡಲಾರದೆಂಬುದು ಕಾರಣ. ಆರು ಗಂಟೆಯೊಳಗೆ ಮಗು ಅಳಲಾರಂಭಿಸಿತು. ಒಂದು ದಿನ ಕಳೆಯುವಷ್ಟರಲ್ಲಿ ತಲೆ ಚಚ್ಚಿಕೊಳ್ಳುವುದು ಮರಳಿತು. ವಾರ ಕಳೆಯುವುದರೊಳಗೆ ಅದು ನಿಲ್ಲಲಾರದಾಯಿತು, ತೆವಳುವುದೂ ಕಷ್ಟವಾಯಿತು. ತಿಂಗಳುಗಟ್ಟಲೆ ಅಕ್ಕಸಾಲೆಯ ತೂಕದಲ್ಲಿ ಅಳೆದಳೆದು ಉಣಿಸಿ ಗಳಿಸಿದ್ದೆಲ್ಲ ಕಣ್ಣೆದುರಿಗೇ ಕರಗಿ ಹೋಗುತ್ತಿರುವಾಗ, ಕಾರಣ ತಿಳಿಯದ ಆ ತಾಯಿ ಮನೆಯಲ್ಲಿ ಏನೆಂದುಕೊಂಡಿರಬಹುದು? ತನ್ನ ಕೈಯಿಂದಲೇ ಏನೋ ತಪ್ಪಾಯಿತೆಂದು ಕೊರಗಿದಳೋ ಏನೋ. ಆ ಬಳಿಕ ನಿಜವನ್ನು ತಿಳಿಸಿ, ಆಸ್ಪತ್ರೆಯಲ್ಲಿಟ್ಟು ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ ಚಲಚ್ಚಿತ್ರ ತೆಗೆದರು. ಪ್ರಬಂಧ 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಜಗತ್ತು ನಂಬಿತು.

ಇಂದಾದರೆ ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಹೀಗೆ ಮಾಡಲು ಯಾವ ಆಸ್ಪತ್ರೆಗೂ ಅವಕಾಶವಿಲ್ಲ. ಅಂದಿನ ವೈದ್ಯರನ್ನು ಇಂದಿನ ಕಟ್ಟಳೆಯಿಂದ ಅಳೆಯುವುದು ನನ್ನ ಉದ್ದೇಶವಲ್ಲ. ಅವರು ಅದೇ ಮಗುವಿಗಾಗಿ ಚಳಿಯಲ್ಲಿ ನಿಂತು ದುಡಿದವರು. ಆದರೂ ಒಂದು ಮಾತು ಉಳಿಯುತ್ತದೆ. ಆ ಮಗು ಮನೆಯಲ್ಲಿ ಹೇಗಿತ್ತು, ಯಾವ ಗಂಟೆಗೆ ಅತ್ತಿತು, ಎಂದಿನಿಂದ ನಿಲ್ಲಲಾರದಾಯಿತು ಎಂಬುದನ್ನು ಕಂಡವಳು ಯಾರು? ತಾಯಿಯ ಕಣ್ಣನ್ನು ನಂಬಲಾಗದೆಂದು ಹೊರಟ ಪರೀಕ್ಷೆಗೆ ಅಳತೆಗೋಲಾದದ್ದು ಅದೇ ಕಣ್ಣು.

ಆಮೇಲೆ ಈ ಪಥ್ಯ ದೇಶದಿಂದ ದೇಶಕ್ಕೆ ಹರಡಿತು. ಒಂದು ಕೊರತೆ ಬೇಗನೆ ಕಂಡುಬಂತು: ಎರಡು ವರ್ಷವಾದ ಮೇಲೆ ಪಥ್ಯ ಹಿಡಿದರೆ ಮಿದುಳಿಗೆ ಆಗಬೇಕಾದ ಕೇಡು ಬಹುಮಟ್ಟಿಗೆ ಆಗಿಹೋಗಿರುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ರೋಗವನ್ನು ಗುರುತಿಸಬೇಕು. ಅದಕ್ಕೆ ಉಪಾಯ ಹುಡುಕಿದವರೂ ಒಬ್ಬ ತಂದೆಯೇ. ಅಮೆರಿಕದ ರಾಬರ್ಟ್ ಗತ್ರಿ ಸೂಕ್ಷ್ಮಜೀವಿ ವಿಜ್ಞಾನಿ. ಅವರ ಮಗನೊಬ್ಬ ಬುದ್ಧಿಮಾಂದ್ಯನಾಗಿದ್ದ, ಹೆಂಡತಿಯ ಸೋದರಿಯ ಮಗಳಿಗೆ ಈ ರೋಗವೇ ಇತ್ತು. ಕೂಸಿನ ಹಿಮ್ಮಡಿಯನ್ನು ಚುಚ್ಚಿ, ಒಂದೆರಡು ತೊಟ್ಟು ರಕ್ತವನ್ನು ಶೋಧಕ ಕಾಗದಕ್ಕೆ ಹೀರಿಸಿ, ಅದನ್ನು ಅಂಚೆಯಲ್ಲಿ ಕಳುಹಿಸಿದರೂ ಪರೀಕ್ಷಿಸಬಹುದಾದ ಸುಲಭ ವಿಧಾನವನ್ನು ಅವರು ರೂಪಿಸಿದರು. 1963ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನ ಇದನ್ನು ಕಾನೂನಿನ ಮೂಲಕ ಎಲ್ಲ ಕೂಸುಗಳಿಗೂ ವಿಧಿಸಿತು. ಬ್ರಿಟನ್ನು 1969ರಲ್ಲಿ ದೇಶದಾದ್ಯಂತ ಕೈಗೊಂಡಿತು. ವಾರದ ಕೂಸಿನಿಂದಲೇ ಪಥ್ಯ ಹಿಡಿದ ಮಕ್ಕಳು ಇಂದು ಓದಿ, ಕೆಲಸ ಹಿಡಿದು, ತಾವೂ ಮಕ್ಕಳೊಂದಿಗರಾಗಿ ಬಾಳುತ್ತಿದ್ದಾರೆ.

ನಮ್ಮ ನಾಡಿಗೂ ಈ ಕಥೆಯ ಎಳೆಯೊಂದು ಬಂದಿದೆ. ಬೆಂಗಳೂರಿನವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಮಂದಿರದ ಎನ್. ಅಪ್ಪಾಜಿ ರಾವ್ ಅವರೂ ಅವರ ಸಂಗಡಿಗರೂ 1980ರಲ್ಲಿ ಕರ್ನಾಟಕದ ನವಜಾತ ಶಿಶುಗಳ ರಕ್ತಪರೀಕ್ಷೆಯನ್ನು ಆರಂಭಿಸಿ, 1,12,269 ಕೂಸುಗಳನ್ನು ಪರೀಕ್ಷಿಸಿದರು. ಅಮೈನೊ ಆಮ್ಲಗಳಿಗೆ ಸಂಬಂಧಿಸಿದ ಹಲವು ದೋಷಗಳು ಅಲ್ಲಿ ಬೆಳಕಿಗೆ ಬಂದವು. ಷೀಲಾಳ ರೋಗವೂ ಅವುಗಳಲ್ಲೊಂದು. ಅದೇ ಕಾಲದಲ್ಲಿ ಬೆಂಗಳೂರು, ಮೈಸೂರುಗಳ ತಾಯಂದಿರನ್ನು ಕೇಳಿ ತಿಳಿದಂತೆ ಮದುವೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ರಕ್ತಸಂಬಂಧದೊಳಗಿನವು. ಸೋದರಮಾವ, ಅಕ್ಕನ ಮಗಳು ಇಂಥ ಮದುವೆಗಳೇ ಅವುಗಳಲ್ಲಿ ಹೆಚ್ಚು. ಈ ರೋಗ ಬರಬೇಕಾದರೆ ದೋಷದ ಬೀಜ ತಂದೆ ತಾಯಿ ಇಬ್ಬರಲ್ಲಿಯೂ ಇರಬೇಕು, ಒಬ್ಬರಲ್ಲಿದ್ದರೆ ಸಾಲದು. ಇಬ್ಬರಲ್ಲಿದ್ದರೂ ಅವರು ಆರೋಗ್ಯವಂತರಾಗಿಯೇ ಕಾಣುತ್ತಾರೆ. ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಹತ್ತಿರದ ನಂಟರಲ್ಲಿ ಒಂದೇ ಬೀಜ ಇಬ್ಬರಿಗೂ ಬಂದಿರುವ ಸಂಭವ ಹೆಚ್ಚು. ಇಂಥ ಮಗು ಹುಟ್ಟಿದಾಗ ‘ಅವಳ ಕಾಲ್ಗುಣ’ ಎಂದು ಸೊಸೆಯೊಬ್ಬಳನ್ನೇ ದೂರಿ ತವರಿಗೆ ಅಟ್ಟಿದ ಮನೆಗಳನ್ನು ನಮ್ಮಲ್ಲಿ ಕಾಣದವರಾರು? ಲೆಕ್ಕ ಮಾತ್ರ ಇಬ್ಬರ ಹೆಸರಿನಲ್ಲಿಯೂ ಸಮಸಮವಾಗಿದೆ.

ಷೀಲಾಳ ಮಾತನ್ನು ಅರ್ಧಕ್ಕೆ ಬಿಟ್ಟು ಬಂದೆ. ಈ ಪಥ್ಯ ಒಂದು ಮಾತ್ರೆ ನುಂಗಿಸಿದಷ್ಟು ಸುಲಭವಲ್ಲ. ಮೂರು ಹೊತ್ತೂ ತೂಗಬೇಕು, ಬೆರೆಸಬೇಕು, ಮುಖ ತಿರುಗಿಸುವ ಮಗುವನ್ನು ಒಲಿಸಬೇಕು. ಪಕ್ಕದ ತಟ್ಟೆಯ ರೊಟ್ಟಿಯ ಚೂರಿಗೆ ಕೈ ಹಾಕದಂತೆ ಕಾಯಬೇಕು. ಆಸ್ಪತ್ರೆಯಲ್ಲಿ ಈ ಕೆಲಸಕ್ಕೆ ವೈದ್ಯರು, ರಸಾಯನಜ್ಞರು, ದಾದಿಯರು ಎಂದು ಒಂದು ತಂಡವೇ ಇತ್ತು. ಮನೆಯಲ್ಲಿದ್ದವಳು ಒಬ್ಬಳೇ ತಾಯಿ. ಸಂಸಾರದ ಭಾರವೆಲ್ಲ ಆಕೆಯೊಬ್ಬಳ ಮೇಲೆ ಬಿದ್ದಿತ್ತು. ನೋಡಿಕೊಳ್ಳಬೇಕಾದ ಬೇರೆ ಮಕ್ಕಳೂ ಇದ್ದರು. ಆಕೆಗೆ ಒಂದು ದಿನದ ಬಿಡುವು ಕೊಡಬಲ್ಲ ಇನ್ನೊಂದು ಜೊತೆ ಕೈ ಮನೆಯಲ್ಲಿರಲಿಲ್ಲ. ಕೊನೆಗೆ ಆಕೆಯ ಮನಸ್ಸಿನ ಆರೋಗ್ಯವೇ ಕೆಟ್ಟಿತು. ಪಥ್ಯ ನಡೆಸುವವರಿಲ್ಲದೆ ಅದು ನಿಂತಿತು. ಷೀಲಾ ಉಳಿದ ಬಾಳಿನ ಬಹುಭಾಗವನ್ನು ಅಂಥವರಿಗಾಗಿಯೇ ಇದ್ದ ಒಂದು ಸಂಸ್ಥೆಯಲ್ಲಿ ಕಳೆದಳು. ಇದ್ದಿಲಿನಲ್ಲಿ ಸೋಸಿ ಪಥ್ಯ ತಯಾರಿಸುವುದು ಹೇಗೆಂದು ಆ ಮೂವರು ವೈದ್ಯವಿಜ್ಞಾನಿಗಳು ಕಂಡುಹಿಡಿದಿದ್ದರು. ಒಂಟಿ ತಾಯಿ ಕುಸಿದರೆ ಅದನ್ನು ಉಣಿಸುವವರಾರೆಂಬುದು ಯಾರ ಪ್ರಬಂಧದಲ್ಲಿಯೂ ಸೇರಿರಲಿಲ್ಲ.

ಬಿಕೆಲ್, ಜೆರಾರ್ಡ್, ಹಿಕ್‌ಮನ್ಸ್ ಮೂವರಿಗೂ 1962ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದ ಜಾನ್ ಸ್ಕಾಟ್ ಪ್ರಶಸ್ತಿ ಬಂತು. ಬಿಕೆಲ್ ಅವರು ಮುಂದೆ ಜರ್ಮನಿಗೆ ಹಿಂದಿರುಗಿ ಹೈಡೆಲ್‌ಬರ್ಗಿನಲ್ಲಿ ಪ್ರಾಧ್ಯಾಪಕರಾದರು. ಎಷ್ಟೋ ವರ್ಷಗಳ ಮೇಲೆ ಈ ಶೋಧದ ಕಥೆಯನ್ನು ಬರೆಯುವಾಗ, ಕಾಗದದ ಮೇಲಿನ ಕಲೆಯನ್ನು ತಾಯಿ ಮೆಚ್ಚದಿದ್ದುದನ್ನೂ, ದಿನವೂ ಬಾಗಿಲಲ್ಲಿ ನಿಂತು ತಮ್ಮನ್ನು ಕೇಳುತ್ತಿದ್ದುದನ್ನೂ ಅವರು ಮರೆಮಾಚದೆ ಬರೆದಿಟ್ಟರು. ಆಕೆ ಅಲ್ಲಿ ನಿಂತಿದ್ದಳೆಂಬುದು ನಮಗೆ ತಿಳಿದದ್ದು ಹಾಗೆ.