ನಾಮಪಟ್ಟಿಕೆಯೂ ಹೊಲಿಗೆಯೂ: ಹರಾಜಿಗೆ ಬಂದ ಪ್ಯಾರಿಸ್ ಉಡುಪುಗಳ ಪರೀಕ್ಷೆ

ತಾಮ್ರಶಾಸನವೊಂದು ದೊರೆತಾಗ ಅದರಲ್ಲಿ ಕಾಣುವ ರಾಜನ ಹೆಸರೊಂದನ್ನೇ ನಂಬಿ ಅದರ ಕಾಲವನ್ನು ನಿರ್ಣಯಿಸುವ ವಿದ್ವಾಂಸರಿಲ್ಲ. ಲಿಪಿಯ ರೂಪ, ಭಾಷೆಯ ಅವಸ್ಥೆ, ತಿಥಿವಾರಗಳ ಹೊಂದಿಕೆ ಇವೆಲ್ಲವನ್ನೂ ಒರೆಗೆ ಹಚ್ಚಿದ ಮೇಲೆಯೇ ಆ ಹೆಸರಿಗೆ ಪ್ರಾಮಾಣ್ಯವುಂಟಾಗುವುದು. ಗಂಗರಾಜರ ಹೆಸರುಗಳುಳ್ಳ ತಾಮ್ರಪಟಗಳಲ್ಲಿ ಕೂಟಶಾಸನಗಳಾವುವು, ನಿಜವಾದುವಾವುವು ಎಂಬ ವಿಷಯದಲ್ಲಿ ಫ್ಲೀಟರಿಗೂ ರೈಸರಿಗೂ ಇದ್ದ ಭಿನ್ನಾಭಿಪ್ರಾಯವು ಕರ್ಣಾಟಕದ ಇತಿಹಾಸವನ್ನೋದಿದವರಿಗೆ ಸುಪರಿಚಿತವಾದುದು. ಸಾಕ್ಷ್ಯಪರೀಕ್ಷೆಯ ಈ ನ್ಯಾಯವು ಕಲ್ಲು ಲೋಹಗಳಿಗೆ ಮಾತ್ರವೇ ಸಲ್ಲತಕ್ಕುದಲ್ಲ, ಬಟ್ಟೆಗೂ ಸಲ್ಲುತ್ತದೆ. ಪ್ಯಾರಿಸ್ ನಗರದ ಪ್ರಸಿದ್ಧ ದರ್ಜಿಮನೆಗಳಲ್ಲಿ ತಯಾರಾದ ಹಳೆಯ ಉಡುಪುಗಳು ಲಂಡನ್, ಪ್ಯಾರಿಸ್, ನ್ಯೂಯಾರ್ಕ್ ನಗರಗಳ ಹರಾಜುಗಳಲ್ಲಿ ಚಿತ್ರಪಟಗಳಂತೆಯೇ ಮಾರಾಟವಾಗುತ್ತಿವೆ. ಅಲ್ಲಿ ಬೆಲೆಯನ್ನು ಏರಿಸುವುದು ಬಹುಮಟ್ಟಿಗೆ ಹೆಸರು. ಉಡುಪಿನ ಯೋಗ್ಯತೆಯನ್ನು ತಿಳಿಸುವುದಾದರೋ ಅದರ ಒಳಮೈ. ಈ ಎರಡಕ್ಕೂ ಇರುವ ಅಂತರವನ್ನು ಅರಿಯದೆ ಕೊಳ್ಳುವವನು ಹಣವನ್ನು ಮಾತ್ರವಲ್ಲದೆ ಇತಿಹಾಸದ ಸಾಕ್ಷ್ಯವನ್ನೂ ಕಳೆಯುವ ಸಂಭವವುಂಟು.

೧

ಉಡುಪಿಗೆ ಅದನ್ನು ಮಾಡಿಸಿದವನ ಹೆಸರನ್ನು ಹಚ್ಚುವ ಪದ್ಧತಿಯು ಪುರಾತನವಾದುದಲ್ಲ. ಹದಿನೆಂಟನೆಯ ಶತಮಾನದಲ್ಲಿ ರಾಣಿ ಮಾರೀ ಆಂತ್ವನೆತ್ತಳಿಗೆ ಉಡುಪುಗಳನ್ನೊದಗಿಸಿದ ರೋಸ್ ಬೆರ್ತ್ಯಾಂ ಎಂಬಾಕೆಯ ಕೀರ್ತಿಯು ಯೂರೋಪಿನಲ್ಲೆಲ್ಲ ಹರಡಿದ್ದಿತು; ಆದರೂ ಆಕೆಯ ಕೈಕೆಲಸವೆಂದು ನಿಸ್ಸಂದೇಹವಾಗಿ ಹೇಳಬಹುದಾದ ಉಡುಪುಗಳು ಅತಿವಿರಳ. ನಾಮಪಟ್ಟಿಕೆಯನ್ನು ವಾಡಿಕೆಗೆ ತಂದವರಲ್ಲಿ ಮುಖ್ಯನಾದವನು ಚಾರ್ಲ್ಸ್ ಫ್ರೆಡರಿಕ್ ವರ್ತ್. ಇವನು ೧೮೨೫ರಲ್ಲಿ ಇಂಗ್ಲೆಂಡಿನ ಲಿಂಕನ್‌ಷೈರ್ ಪ್ರಾಂತ್ಯದ ಬೋರ್ನ್ ಎಂಬ ಊರಿನಲ್ಲಿ ಹುಟ್ಟಿ, ಲಂಡನ್ನಿನ ಬಟ್ಟೆಯಂಗಡಿಗಳಲ್ಲಿ ಕೆಲಸ ಕಲಿತು, ಪ್ಯಾರಿಸ್ಸಿಗೆ ಹೋಗಿ, ೧೮೫೮ರಲ್ಲಿ ಬೋಬರ್ಗ್ ಎಂಬ ಸ್ವೀಡನ್ ದೇಶದವನೊಡನೆ ಪಾಲುಗೂಡಿ ಸ್ವಂತ ಮನೆಯನ್ನು ತೆರೆದನು. ಮೂರನೆಯ ನೆಪೋಲಿಯನ್ನನ ಪತ್ನಿಯಾದ ಯೂಜೆನೀ ಸಾಮ್ರಾಜ್ಞಿಯ ಆಶ್ರಯವು ಅವನಿಗೆ ದೊರೆಯಿತು. ಅಲ್ಲಿಯವರೆಗೆ ಗಿರಾಕಿ ಹೇಳಿದಂತೆ ಹೊಲಿಯುವ ಸೇವಕನಾಗಿದ್ದ ದರ್ಜಿಯು ಇವನ ಕಾಲದಿಂದೀಚೆಗೆ ತನ್ನ ಕೃತಿಗೆ ರುಜು ಹಾಕುವ ಕರ್ತೃವಾದನು.

ಈ ಪಟ್ಟಿಕೆಯು ಕುಪ್ಪಸದ ಒಳಗಡೆ ನಡುವನ್ನು ಬಿಗಿಯುವ ಪಟ್ಟಿಯ ಮೇಲೆ ಇರುತ್ತಿತ್ತು. ಅದರಿಂದ ಕಾಲನಿರ್ಣಯಕ್ಕೂ ಸಹಾಯವುಂಟು. ವರ್ತ್ ಮತ್ತು ಬೋಬರ್ಗರ ಪಾಲುಗಾರಿಕೆಯು ೧೮೭೦-೭೧ರ ಯುದ್ಧಕಾಲದಲ್ಲಿ ಮುಗಿದುದರಿಂದ, ಇಬ್ಬರ ಹೆಸರೂ ಇರುವ ಪಟ್ಟಿಕೆಯು ಅದಕ್ಕಿಂತ ಈಚಿನದಾಗಲಾರದು. ಆದರೆ ಆ ಕಾಲದ ಉಡುಪಿನಲ್ಲಿ ಕುಪ್ಪಸವೂ ಲಂಗವೂ ಬೇರೆ ಬೇರೆ ಭಾಗಗಳು. ಹೆಸರಿರುವುದು ಸಾಮಾನ್ಯವಾಗಿ ಕುಪ್ಪಸದಲ್ಲಿ ಮಾತ್ರ. ಜೊತೆಗೆ ಬಂದ ಲಂಗವು ಅದೇ ಬಟ್ಟೆಯದೇ, ಅದೇ ಕೈಯ ಹೊಲಿಗೆಯದೇ ಎಂಬುದನ್ನು ಪಟ್ಟಿಕೆಯು ಹೇಳುವುದಿಲ್ಲ. ಒಂದು ಗ್ರಂಥದ ಮೊದಲ ಗರಿಗಳಿಗೆ ಮತ್ತೊಂದು ಗ್ರಂಥದ ಗರಿಗಳು ಸೇರಿರುವ ಓಲೆಯ ಕಟ್ಟಿನಂತೆ ಇಂಥ ಜೋಡಿಯನ್ನೂ ಎಚ್ಚರದಿಂದ ಪರಿಶೀಲಿಸಬೇಕು.

೨

ಹೆಸರಿನಿಂದ ಬೆಲೆ ಬಂದಿತೆಂದ ಮೇಲೆ ಹೆಸರಿನ ಕಳವೂ ಅದನ್ನು ಹಿಂಬಾಲಿಸಿತು. ಪೋಲ್ ಪ್ವಾರೆ ಎಂಬ ಪ್ರಸಿದ್ಧ ವಿನ್ಯಾಸಕನು ೧೯೧೩ರಲ್ಲಿ ಅಮೆರಿಕೆಗೆ ಹೋದಾಗ, ತಾನು ಎಂದೂ ಕಾಣದ ಉಡುಪುಗಳು ತನ್ನ ಹೆಸರಿನ ಪಟ್ಟಿಕೆಯೊಡನೆ ಅಲ್ಲಿ ಮಾರಾಟವಾಗುತ್ತಿದ್ದುದನ್ನು ಕಂಡನು. ಮರುವರ್ಷವೇ ಪ್ಯಾರಿಸ್ಸಿನ ದರ್ಜಿಮನೆಗಳು ತಮ್ಮ ಹಕ್ಕುಗಳ ರಕ್ಷಣೆಗಾಗಿ ಒಂದು ಸಂಘವನ್ನು ಕಟ್ಟಿದುವು. ಮದೆಲೆನ್ ವಿಯೊನೆ ಎಂಬಾಕೆಯು ಇನ್ನೂ ಮುಂದೆ ಹೋಗಿ, ಮೊದಲನೆಯ ಮಹಾಯುದ್ಧದ ಅನಂತರ, ತನ್ನ ಪಟ್ಟಿಕೆಗಳ ಮೇಲೆ ಹೆಬ್ಬೆಟ್ಟಿನ ಗುರುತನ್ನು ಒತ್ತುವ ಪದ್ಧತಿಯನ್ನು ತಂದಳು. ಪ್ರತಿಯೊಂದು ಮಾದರಿಯ ಮುಂಭಾಗ, ಹಿಂಭಾಗ, ಪಾರ್ಶ್ವಗಳ ಛಾಯಾಚಿತ್ರಗಳನ್ನು ತೆಗೆಸಿ ಆಲ್ಬಮ್ಮುಗಳಲ್ಲಿ ಸೇರಿಸಿದಳು. ೧೯೫೨ರಲ್ಲಿ ಆಕೆ ೧೨೨ ಉಡುಪುಗಳನ್ನೂ ೭೫ ಆಲ್ಬಮ್ಮುಗಳನ್ನೂ ಪ್ಯಾರಿಸ್ಸಿನ ಸಾರ್ವಜನಿಕ ಸಂಗ್ರಹಕ್ಕೆ ದಾನಮಾಡಿದುದರಿಂದ, ಆಕೆಯ ಹೆಸರಿನಲ್ಲಿ ಹರಾಜಿಗೆ ಬರುವ ಉಡುಪನ್ನು ಮೂಲದೊಡನೆ ಹೋಲಿಸಿ ನೋಡುವ ಸೌಕರ್ಯವುಂಟಾಗಿದೆ.

ಪಟ್ಟಿಕೆಯು ನಿಜವಾದುದಾದರೂ ಅದರ ಅರ್ಥವು ಯಾವಾಗಲೂ ಒಂದೇ ಆಗಿರುವುದಿಲ್ಲ. ಎರಡನೆಯ ಮಹಾಯುದ್ಧದ ಅನಂತರ ಅಮೆರಿಕೆಯ ದೊಡ್ಡ ಅಂಗಡಿಗಳು ಪ್ಯಾರಿಸ್ಸಿನ ಮಾದರಿಗಳನ್ನು ಹಣ ಕೊಟ್ಟು ಪಡೆದು, ಅನುಮತಿಯಿಂದಲೇ ಪ್ರತಿಗಳನ್ನು ಹೊಲಿಸಿ ಮಾರುತ್ತಿದ್ದುವು. ೧೯೪೭ರ ಫೆಬ್ರವರಿ ೧೨ರಂದು ತನ್ನ ಮೊದಲನೆಯ ಪ್ರದರ್ಶನದಿಂದ ಲೋಕಪ್ರಸಿದ್ಧನಾದ ಕ್ರಿಸ್ತಿಯಾನ್ ದಿಯೋರನು ೧೯೪೮ರಲ್ಲಿ ನ್ಯೂಯಾರ್ಕಿನಲ್ಲಿಯೂ ಒಂದು ಶಾಖೆಯನ್ನು ತೆರೆದನು. ಅಲ್ಲಿಯ ಉಡುಪಿನಲ್ಲಿರುವ ಹೆಸರು ಸುಳ್ಳಲ್ಲ. ಆದರೆ ಅದು ಪ್ಯಾರಿಸ್ಸಿನಲ್ಲಿ ಒಬ್ಬಳೇ ಗಿರಾಕಿಯ ಮೈಯಳತೆಗೆ ಹೊಲಿದ ಉಡುಪಿಗೆ ಸಮಾನವೂ ಅಲ್ಲ. ಪ್ಯಾರಿಸ್ಸಿನ ದಿಯೋರ್ ಪಟ್ಟಿಕೆಗಳಲ್ಲಿ ಅನೇಕವೇಳೆ ಋತುವೂ ವರ್ಷವೂ ನೆಯ್ದಿದ್ದು, ಜೊತೆಗೆ ಒಂದು ಕ್ರಮಸಂಖ್ಯೆಯೂ ಇರುತ್ತದೆ. ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ಬಾಲೆನ್ಸಿಯಾಗನು ಸ್ಪೇನಿನಲ್ಲಿ ನಡೆಸುತ್ತಿದ್ದ ಮನೆಗಳ ಉಡುಪುಗಳಲ್ಲಿ ಅವನ ಹೆಸರಿಲ್ಲದೆ, ಅವನ ತಾಯಿಯ ಮನೆತನದ ಹೆಸರಿನಿಂದ ಹುಟ್ಟಿದ ‘ಐಸಾ’ ಎಂಬ ಮಾತು ಮಾತ್ರ ಕಾಣುತ್ತದೆ. ಇದನ್ನರಿಯದವನು ಮಹಾಶಿಲ್ಪಿಯ ಕೃತಿಯನ್ನು ಅಜ್ಞಾತನದೆಂದು ತಳ್ಳಿಬಿಡಬಹುದು.

೩

ಹೀಗಿರಲು ಪರೀಕ್ಷಕನು ಉಡುಪನ್ನು ಒಳಮಗ್ಗುಲಾಗಿ ತಿರುವಿ ನೋಡುವುದರಿಂದಲೇ ಪ್ರಾರಂಭಿಸಬೇಕು. ಮೊದಲು ಪಟ್ಟಿಕೆಯನ್ನು ಹೊಲಿದಿರುವ ದಾರ. ಅದು ಉಡುಪಿನ ಉಳಿದ ದಾರದಂತೆಯೇ ಹಳೆಯದಾಗಿದೆಯೆ? ಅದರ ಸುತ್ತ ಬೇರೊಂದು ಪಟ್ಟಿಕೆಯನ್ನು ಬಿಚ್ಚಿದ ಸೂಜಿಯ ರಂಧ್ರಗಳಿವೆಯೆ? ಪಟ್ಟಿಕೆಯ ಕೆಳಗಿನ ಬಟ್ಟೆಯು ಸುತ್ತಲಿನದಕ್ಕಿಂತ ಮಾಸದೆ ಉಳಿದಿದೆಯೆ? ಮಾಸದಿದ್ದರೆ ಪಟ್ಟಿಕೆಯು ಬಹುಕಾಲ ಅಲ್ಲಿಯೇ ಇದ್ದಿತೆಂದು ಊಹಿಸಬಹುದು. ಆಮೇಲೆ ಹೊಲಿಗೆಯ ಅಂಚುಗಳು. ಉತ್ತಮ ದರ್ಜಿಮನೆಯಲ್ಲಿ ಕತ್ತರಿಸಿದ ಅಂಚು ಎಳೆ ಬಿಡದಂತೆ ಕೈಯಿಂದಲೇ ಸುತ್ತಿರುತ್ತಾರೆ. ಮುಂದೆ ಸಡಿಲಿಸಲು ಅನುಕೂಲವಾಗುವಂತೆ ಅಂಚಿನಲ್ಲಿ ಬಟ್ಟೆಯನ್ನು ಧಾರಾಳವಾಗಿ ಬಿಟ್ಟಿರುತ್ತಾರೆ. ಬಟ್ಟೆಯ ಮೇಲಿನ ಚಿತ್ರವು ಹೊಲಿಗೆಯ ಎರಡು ಕಡೆಗಳಲ್ಲಿಯೂ ಕೂಡಿಬರುತ್ತದೆ. ದಿಯೋರನ ಸಂಜೆಯುಡುಪಿನೊಳಗೆ ಜಾಲಬಟ್ಟೆಯಿಂದಲೂ ಕಡ್ಡಿಗಳಿಂದಲೂ ಕಟ್ಟಿದ ಇನ್ನೊಂದು ಕುಪ್ಪಸವೇ ಇರುವುದುಂಟು. ನಡುಪಟ್ಟಿಯು ಅದಕ್ಕೆ ಬೇರೆಯಾಗಿ ಕೊಂಡಿ ಹಾಕಿ ಉಡುಪಿನ ಭಾರವನ್ನು ಹೊರುತ್ತದೆ. ಷನೆಲ್ಲಳ ಮೇಲಂಗಿಗಳ ಅಂಚಿನೊಳಗೆ ಸಣ್ಣ ಸರಪಣಿಯನ್ನು ಹೊಲಿದಿರುವುದೂ ಅಂಗಿಯು ನೇರವಾಗಿ ಇಳಿಬೀಳಲೆಂದೇ.

ಕಾಲದ ಮೇಲ್ಮಿತಿ ಕೆಳಮಿತಿಗಳನ್ನು ಗೊತ್ತುಮಾಡಲು ವಸ್ತುಗಳೇ ಸಾಧನ. ಕೃತಕವರ್ಣಗಳ ಯುಗವು ೧೮೫೬ರಲ್ಲಿ ಪರ್ಕಿನ್ನನು ಕಂಡುಹಿಡಿದ ನೇರಿಳೆ ಬಣ್ಣದಿಂದ ಮೊದಲಾಯಿತು. ಪ್ಯಾರಿಸ್ಸಿನ ಉಡುಪಿಗೆ ಜಿಪ್ಪು ಬಂದುದು ಮುಖ್ಯವಾಗಿ ೧೯೩೦ರ ದಶಕದಲ್ಲಿ. ಸ್ಕಿಯಾಪರೆಲ್ಲಿಯು ೧೯೩೫ರಲ್ಲಿ ಅದನ್ನು ಮರೆಮಾಡದೆ ಅಲಂಕಾರವಾಗಿಯೇ ಬಳಸಿದಳು. ನೈಲಾನ್ ನೂಲು ಪ್ರಕಟವಾದುದು ೧೯೩೮ರಲ್ಲಿ. ಬ್ರಿಟನ್ನಿನ ಉಡುಪಿನಲ್ಲಿ ‘ಸಿಸಿ೪೧’ ಎಂಬ ಮುದ್ರೆಯಿದ್ದರೆ ಅದು ೧೯೪೧ಕ್ಕೂ ೧೯೫೨ಕ್ಕೂ ನಡುವಣ ಮಿತವ್ಯಯಶಾಸನದ ಕಾಲದ್ದು. ಅಮೆರಿಕೆಯಲ್ಲಿ ಒಗೆಯುವ ಕ್ರಮವನ್ನು ತಿಳಿಸುವ ಪಟ್ಟಿಕೆಯು ಕಡ್ಡಾಯವಾದುದು ೧೯೭೧ರ ನಿಯಮದಿಂದ. ಆದರೆ ಇಲ್ಲಿಯೂ ಅವಸರ ಸಲ್ಲದು. ೧೯೨೫ರ ಉಡುಪಿಗೆ ೧೯೫೫ರಲ್ಲಿ ಜಿಪ್ಪನ್ನು ಹಾಕಿರಬಹುದು. ಹಳೆಯ ಕೊಂಡಿಗಳನ್ನು ಕಿತ್ತ ರಂಧ್ರಗಳು ಉಳಿದಿದ್ದರೆ ಜಿಪ್ಪು ಪ್ರಕ್ಷಿಪ್ತವೆಂದು ತಿಳಿಯಬೇಕೇ ಹೊರತು ಉಡುಪೇ ಈಚಿನದೆಂದಲ್ಲ. ಪಾಠಾಂತರವನ್ನು ಮೂಲಪಾಠದಿಂದ ಬೇರ್ಪಡಿಸುವ ವಿವೇಕವೇ ಇಲ್ಲಿಯೂ ಬೇಕಾದುದು.

ಪಟ್ಟಿಕೆಯ ಸಹಾಯವೇ ಇಲ್ಲದೆ ಕರ್ತೃವನ್ನು ಗುರುತಿಸುವ ಸಂದರ್ಭಕ್ಕೆ ವೆನಿಸ್ ನಗರದ ಮಾರಿಯಾನೋ ಫಾರ್ಚುನಿಯ ‘ಡೆಲ್ಫೋಸ್’ ಉಡುಪು ಉತ್ತಮ ನಿದರ್ಶನ. ಇವನು ರೇಷ್ಮೆಗೆ ನೆರಿಗೆ ಹಿಡಿಯುವ ವಿಧಾನಕ್ಕೆ ೧೯೦೯ರಲ್ಲಿ ಪೇಟೆಂಟ್ ಪಡೆದನು. ಸೂಕ್ಷ್ಮವೂ ಅಸಮವೂ ಆದ ಆ ನೆರಿಗೆ, ಪಕ್ಕದ ಅಂಚುಗಳಲ್ಲಿ ವೆನಿಸ್ಸಿನ ಗಾಜಿನ ಮಣಿಗಳನ್ನು ಪೋಣಿಸಿದ ದಾರ ಇವೆರಡೇ ಅವನ ರುಜು. ಅನೇಕ ಡೆಲ್ಫೋಸ್ ಉಡುಪುಗಳಲ್ಲಿ ನಾಮಪಟ್ಟಿಕೆಯಿಲ್ಲ. ಹಲವು ದಶಕಗಳವರೆಗೆ ರೂಪವು ಅಷ್ಟಾಗಿ ಬದಲಾಗದಿದ್ದುದರಿಂದ ವರ್ಷವನ್ನು ನಿರ್ಣಯಿಸುವುದೂ ಕಷ್ಟ. ಅದನ್ನು ನೂಲಿನ ಲಡಿಯಂತೆ ತಿರುಚಿ ಸಣ್ಣ ಪೆಟ್ಟಿಗೆಯಲ್ಲಿಡುತ್ತಿದ್ದರು. ನೀರು ತಗುಲಿದರೆ ನೆರಿಗೆ ಬಿಡುವುದು. ಆಗ ಅದನ್ನು ಮರಳಿ ಕಾರ್ಖಾನೆಗೇ ಕಳುಹಿಸಬೇಕಾಗುತ್ತಿತ್ತು.

೪

ಕರ್ತೃತ್ವವು ನಿಶ್ಚಯವಾದ ಮೇಲೂ ಉಡುಪಿನ ಸ್ಥಿತಿಯ ವಿಚಾರವು ಉಳಿಯುತ್ತದೆ. ಇಲ್ಲಿ ಕಣ್ಣಿಗಿಂತ ಬೆರಳು ಹೆಚ್ಚು ತಿಳಿಯುವುದು. ರೇಷ್ಮೆಯ ಗೋಂದನ್ನು ಕುದಿಸಿ ತೆಗೆದಾಗ ನೂಲು ತನ್ನ ತೂಕದಲ್ಲಿ ಸುಮಾರು ಕಾಲುಭಾಗವನ್ನು ಕಳೆದುಕೊಳ್ಳುತ್ತದೆ. ಆ ನಷ್ಟವನ್ನು ತುಂಬಲು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತಯಾರಕರು ರೇಷ್ಮೆಯನ್ನು ತವರ ಮುಂತಾದ ಲೋಹಲವಣಗಳಲ್ಲಿ ನೆನೆಸಿ ಭಾರಗೊಳಿಸುತ್ತಿದ್ದರು. ಹೊಸದಾಗಿದ್ದಾಗ ಅಂಥ ಬಟ್ಟೆಯು ತುಂಬಿದ ಮೈಯಿಂದ ಸರಸರ ಶಬ್ದಮಾಡುತ್ತ ಶೋಭಿಸುವುದು; ಕಾಲಕ್ರಮದಲ್ಲಿ ಲವಣವು ನೂಲನ್ನು ತಿಂದು, ಮಡಿಕೆಯುದ್ದಕ್ಕೂ ಸೀಳಿಸಿ, ಕೊನೆಗೆ ಪುಡಿಮಾಡುವುದು. ಈ ಕ್ಷಯಕ್ಕೆ ಚಿಕಿತ್ಸೆಯಿಲ್ಲ. ಹೊರಗೆ ಅಖಂಡವಾಗಿ ತೋರುವ ಉಡುಪಿನ ಅಸ್ತರು ಸೀಳಿದ್ದರೆ ಮುಂದಿನ ಗತಿಯು ಗೊತ್ತಾದಂತೆಯೇ.

೧೯೨೦ರ ದಶಕದ ಮಣಿಗೆಲಸದ ಉಡುಪುಗಳಲ್ಲಿ ಅಪಾಯವು ಬೇರೆ ಬಗೆಯದು. ಫ್ರಾನ್ಸಿನ ಲ್ಯುನೆವಿಲ್ ಪಟ್ಟಣದಲ್ಲಿ ಬೆಳೆದ ಈ ಕೆಲಸದಲ್ಲಿ ಕೊಕ್ಕೆಸೂಜಿಯಿಂದ ಸರಪಣಿ ಹೊಲಿಗೆ ಹಾಕುತ್ತ ಮಣಿಗಳನ್ನು ಸೇರಿಸುವರು. ಈ ಕೊಕ್ಕೆಸೂಜಿಯ ಕೆಲಸವು ಯೂರೋಪಿಗೆ ಹೋದುದು ಹದಿನೆಂಟನೆಯ ಶತಮಾನದಲ್ಲಿ ಭಾರತ ಮುಂತಾದ ಪೂರ್ವದೇಶಗಳಿಂದಲೇ. ಇದರಲ್ಲಿ ಒಂದು ಎಳೆ ಕಡಿದರೆ ಒಂದು ಸಾಲೇ ಬಿಚ್ಚಿಕೊಳ್ಳುವುದು. ಆ ಕಾಲದ ಕೆಲವು ಮಿನುಗುಬಿಲ್ಲೆಗಳು ಜೆಲಟಿನ್ನಿನಿಂದಾದುವು; ನೀರಿಗೂ ಶಾಖಕ್ಕೂ ಅವು ಕರಗುತ್ತವೆ. ಕಂಕುಳಿನ ಬೆವರಿನ ಕಲೆ, ಭುಜದ ಮೇಲೆ ಬಿಸಿಲಿನಿಂದ ಮಾಸಿದ ಬಣ್ಣ, ಹೆಗಲಿನಲ್ಲಿ ಮಣಿಗಳ ಭಾರದಿಂದ ಹಿಗ್ಗಿದ ಜಾಲ, ಇವುಗಳನ್ನು ಹರಾಜಿನ ಪಟ್ಟಿಯಲ್ಲಿರುವ ಛಾಯಾಚಿತ್ರವು ತೋರಿಸಲಾರದು. ಆದುದರಿಂದಲೇ ಹರಾಜಿಗೆ ಮುಂಚಿನ ಪ್ರದರ್ಶನದ ದಿನಗಳು ಹರಾಜಿನ ದಿನಕ್ಕಿಂತ ಮುಖ್ಯವಾದುವು. ಕೂಗಿದ ಬೆಲೆಯ ಮೇಲೆ ಕೊಳ್ಳುವವನು ತೆರಬೇಕಾದ ಅಧಿಕಶುಲ್ಕವೊಂದುಂಟು. ಲಂಡನ್ನಿನ ಕ್ರಿಸ್ಟಿ ಮತ್ತು ಸದಬಿ ಸಂಸ್ಥೆಗಳು ಇದನ್ನು ೧೯೭೫ರಲ್ಲಿ ಜಾರಿಗೆ ತಂದುವು. ಅದನ್ನೂ ದುರಸ್ತಿಯ ವೆಚ್ಚವನ್ನೂ ಮೊದಲೇ ಲೆಕ್ಕಹಾಕದವನಿಗೆ ಅಗ್ಗವೆಂದು ಕಂಡುದು ಅಗ್ಗವಾಗುವುದಿಲ್ಲ.

೫

ಬೆಲೆಗೂ ಯೋಗ್ಯತೆಗೂ ಇರುವ ಸಂಬಂಧವನ್ನು ಎರಡು ಹರಾಜುಗಳಿಂದ ತಿಳಿಯಬಹುದು. ೧೯೬೨ರಲ್ಲಿ ಮರ್ಲಿನ್ ಮನ್ರೋ ಎಂಬ ನಟಿಯು ಅಧ್ಯಕ್ಷ ಕೆನೆಡಿಯವರ ಜನ್ಮದಿನೋತ್ಸವದಲ್ಲಿ ತೊಟ್ಟ, ಜ್ಯಾಂ ಲೂಯಿ ರಚಿಸಿದ ಉಡುಪು ೧೯೯೯ರಲ್ಲಿ ೧೨,೬೭,೫೦೦ ಡಾಲರುಗಳಿಗೂ, ೨೦೧೬ರಲ್ಲಿ ೪೮ ಲಕ್ಷ ಡಾಲರುಗಳಿಗೂ ಮಾರಾಟವಾಯಿತು. ಈ ಬೆಲೆಯು ಹೊಲಿಗೆಗೆ ಬಂದುದಲ್ಲ. ತೊಟ್ಟವಳ ಹೆಸರಿಗೂ ಆ ಒಂದು ರಾತ್ರಿಯ ಸ್ಮರಣೆಗೂ ಬಂದುದು. ೨೦೨೨ರಲ್ಲಿ ಆ ಉಡುಪನ್ನು ಇನ್ನೊಬ್ಬ ಪ್ರಸಿದ್ಧ ಮಹಿಳೆಯು ಒಂದು ಉತ್ಸವಕ್ಕೆ ತೊಟ್ಟುಹೋದಾಗ, ಐತಿಹಾಸಿಕ ಉಡುಪುಗಳನ್ನು ಯಾರೂ ತೊಡಬಾರದೆಂದು ಅಂತರರಾಷ್ಟ್ರೀಯ ಸಂಗ್ರಹಾಲಯ ಪರಿಷತ್ತು ಪ್ರಕಟಣೆಯನ್ನು ಹೊರಡಿಸಬೇಕಾಯಿತು.

ಎರಡನೆಯದು ೨೦೦೫ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ದ್ರುಓ ಹರಾಜುಮಂದಿರದಲ್ಲಿ ನಡೆದುದು. ಪ್ವಾರೆಯು ೧೯೨೯ರಲ್ಲಿ ತನ್ನ ಮನೆಯನ್ನು ಮುಚ್ಚಿ, ೧೯೪೪ರಲ್ಲಿ ಬಡತನದಲ್ಲಿ ತೀರಿಕೊಂಡಿದ್ದನು. ಅವನು ತನ್ನ ಪತ್ನಿ ದೆನೀಸಳಿಗೆ ಮಾಡಿಕೊಟ್ಟಿದ್ದ ಉಡುಪುಗಳನ್ನು ಆಕೆ ಜೋಪಾನವಾಗಿ ಇಟ್ಟಿದ್ದಳು; ಅವು ಆ ದಿನ ಹರಾಜಿಗೆ ಬಂದುವು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯವು ಅವುಗಳಲ್ಲಿ ಹಲವನ್ನು ಕೊಂಡು ೨೦೦೭ರಲ್ಲಿ ಪ್ರದರ್ಶಿಸಿತು. ಪೂರ್ವದೇಶಗಳ ಆಡಂಬರವನ್ನು ಅನುಕರಿಸಿದ ಅಲಂಕಾರಪ್ರಿಯನೆಂದು ಹೆಸರಾಗಿದ್ದವನು ನಿಜವಾಗಿ ನೇರವಾದ ಬಟ್ಟೆಯ ತುಂಡುಗಳನ್ನು ಭುಜದಿಂದ ಇಳಿಬಿಟ್ಟು ಉಡುಪಿನ ರಚನೆಯನ್ನೇ ಸರಳಗೊಳಿಸಿದವನೆಂಬುದನ್ನು ಆ ಉಡುಪುಗಳು ತೋರಿಸಿದುವು. ಅವನ ಒಳಹೊಲಿಗೆಯು ವರ್ತನ ಮನೆಯ ಕೆಲಸದಷ್ಟು ನಯವಾದುದಲ್ಲ. ಆದರೂ ಕತ್ತರಿಕೆಯ ಕಲ್ಪನೆಯಲ್ಲಿ ಅವನು ಯಾರಿಗೂ ಕಡಮೆಯಲ್ಲ. ಗುಣವು ನಯವೊಂದರಲ್ಲಿಯೇ ಇಲ್ಲವೆಂಬುದಕ್ಕೆ ಇದೂ ಒಂದು ಪ್ರಮಾಣ.

ತಿದ್ದದೆ ಉಳಿಸಿದ ಉಡುಪಿನಿಂದ ಇಂಥ ತಿಳಿವಳಿಕೆ ದೊರೆಯುತ್ತದೆ. ಬಾತ್ ನಗರದಲ್ಲಿ ೧೯೬೩ರಲ್ಲಿ ವಸ್ತ್ರಸಂಗ್ರಹಾಲಯವನ್ನು ಸ್ಥಾಪಿಸಿದ ಡೋರಿಸ್ ಲ್ಯಾಂಗ್ಲಿ ಮೂರ್ ಎಂಬಾಕೆಯು ಹಳೆಯ ಉಡುಪುಗಳ ನಡುವನ್ನು ಅಳೆದು ನೋಡಿ, ವಿಕ್ಟೋರಿಯಾ ಕಾಲದ ಸ್ತ್ರೀಯರ ಅತಿಸಣ್ಣ ನಡುವಿನ ಕಥೆಯು ಬಹುಮಟ್ಟಿಗೆ ಕಟ್ಟುಕಥೆಯೆಂದು ತೋರಿಸಿದಳು. ಆ ಉಡುಪುಗಳನ್ನು ಕೊಂಡವರು ತಮ್ಮ ಮೈಗೆ ಹೊಂದುವಂತೆ ನಡುವನ್ನು ಸಡಿಲಿಸಿದ್ದರೆ ಆ ಸಾಕ್ಷ್ಯವು ನಶಿಸಿಹೋಗುತ್ತಿತ್ತು. ಹರಾಜಿನಲ್ಲಿ ಹಳೆಯ ಉಡುಪನ್ನು ಕೊಳ್ಳುವವನು ಅದರ ಒಡೆಯನಾಗುವಂತೆಯೇ ಅದರ ಪಾಲಕನೂ ಆಗುತ್ತಾನೆ. ಪಟ್ಟಿಕೆಯನ್ನು ಕೀಳದೆ, ಒಗೆಯುವ ಮೊದಲು ಬಲ್ಲವರನ್ನು ಕೇಳಿ, ಮಾಡಿಸಿದ ಪ್ರತಿಯೊಂದು ದುರಸ್ತಿಯನ್ನೂ ಬರೆದಿಟ್ಟು, ಹಿಂದಿನವರ ಕೈಗಳಿಂದ ತನಗೆ ಬಂದ ಕಾಗದಪತ್ರಗಳನ್ನು ಉಡುಪಿನೊಡನೆಯೇ ಇರಿಸುವುದು ಅವನ ಕರ್ತವ್ಯ. ಹೆಸರಾಂತ ವಿನ್ಯಾಸಕರ ಚರಿತ್ರೆಯನ್ನು ಗ್ರಂಥಗಳಿಂದ ತಿಳಿಯಬಹುದು. ಅವರ ಮನೆಗಳಲ್ಲಿ ಕುಳಿತು ಅಂಚುಗಳನ್ನು ಸುತ್ತಿದ ಹೆಣ್ಣುಮಕ್ಕಳ ಹೆಸರುಗಳು ಬಹುಮಟ್ಟಿಗೆ ಎಲ್ಲಿಯೂ ದಾಖಲಾಗಿಲ್ಲ. ಅವರ ಕೆಲಸಕ್ಕೆ ಉಳಿದಿರುವ ದಾಖಲೆಯೆಂದರೆ ಆ ಹೊಲಿಗೆಯೇ.