ಗೊಣ್ಣೆಹುಳುವಿನ ಹಗೆ

ಮೊದಲ ಗುಡುಗಿಗೆ ನೆಲವು ಶಿಲೀಂಧ್ರಗಳನ್ನು ತಳೆದು, ತಾನು ಬಂಜೆಯಲ್ಲವೆಂದು ತೋರುವ ಚಿತ್ರವೊಂದು ಕಾಳಿದಾಸನ ಮೇಘದೂತದಲ್ಲಿದೆ. ಖಾನಾಪುರದ ಕಾಡಿನಂಚಿನಲ್ಲಿ ಮಳೆಗಾಲ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಣಬೆಯ ಬಳಗವೆಲ್ಲ ಕೊಡೆ ಹಿಡಿದು ನಿಲ್ಲುವುದಿಲ್ಲ. ಬೂಷ್ಟಿನ ರೂಪದಲ್ಲಿ ಮಣ್ಣಿನೊಳಗೆ ಅಡಗಿದ್ದು, ಕೀಟಗಳ ಮೈಯನ್ನೇ ಹೊಲವಾಗಿ ಮಾಡಿಕೊಂಡು ಬಾಳುವ ಕುಲವೊಂದುಂಟು. ಅದರ ಹೆಸರು ಮೆಟರೈಜಿಯಂ. ಬೆಳಗಾವಿ ಸೀಮೆಯ ಕಬ್ಬಿಗೂ ಈ ಕುಲಕ್ಕೂ ಈಗ ನಂಟು ಬೆಳೆದಿದೆ. ಆ ನಂಟಿನ ಹಿಂದೆ ಸುಮಾರು ಇನ್ನೂರು ವರ್ಷಗಳ ಇತಿಹಾಸವಿದೆ.

ಅದು ಮೊದಲಾದುದು ಹೊಲದಲ್ಲಲ್ಲ, ರೇಷ್ಮೆಹುಳು ಸಾಕುವ ಮನೆಯಲ್ಲಿ. ನಮ್ಮ ರೇಷ್ಮೆ ಬೆಳೆಗಾರರು ಸುಣ್ಣಕಟ್ಟು ಎಂದು ಕರೆಯುವ ರೋಗದಲ್ಲಿ ಹುಳು ಸತ್ತು ಸೆಟೆದು, ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಇಟಲಿಯ ಲೋದಿ ಸೀಮೆಯ ಅಗಸ್ತೀನೊ ಬಾಸ್ಸಿಯು ಕಾನೂನು ಓದಿದವನು. ಈ ರೋಗದ ಬೆನ್ನುಹತ್ತಿ 25 ವರ್ಷಕ್ಕೂ ಮಿಗಿಲಾಗಿ ದುಡಿದು, ಕಾರಣ ಹವೆಯಲ್ಲ, ಮೇವಲ್ಲ, ಒಂದು ಜೀವಂತ ಬೂಷ್ಟು ಎಂದು 1835ರಲ್ಲಿ ಪ್ರಕಟಿಸಿದನು. ಪಾಶ್ಚರನು ರೇಷ್ಮೆಹುಳುವಿನ ರೋಗಗಳಿಗೆ ಕೈಹಾಕಿದ್ದು ಮೂವತ್ತು ವರ್ಷಗಳ ಬಳಿಕ, 1865ರಲ್ಲಿ. ಬಾಸ್ಸಿ ಕಂಡ ಬೂಷ್ಟು ಅವನ ಹೆಸರನ್ನೇ ಹೊತ್ತು ಇಂದು ಬ್ಯೂವೇರಿಯಾ ಬಾಸಿಯಾನ ಎನಿಸಿದೆ.

ರೇಷ್ಮೆಹುಳುವನ್ನು ಕೊಲ್ಲುವ ಇಂಥ ಬೂಷ್ಟು ಪೈರಿನ ಹುಳುವನ್ನೂ ಏಕೆ ಕೊಲ್ಲಬಾರದು? 1879ರಲ್ಲಿ ಒಡೆಸ್ಸಾದ ಕಡೆ ಗೋದಿಯ ದುಂಬಿಯ ಮರಿಗಳು ಹಸಿರು ಬೂಷ್ಟು ಹತ್ತಿ ಸಾಯುವುದನ್ನು ಇಲ್ಯಾ ಮೆಚ್ನಿಕಾಫ್ ಕಂಡು, ಅದನ್ನು ಬೆಳೆಸಿ ಹೊಲಕ್ಕೆ ಹಾಕುವ ದಾರಿ ತೋರಿದನು. ಅದೇ ಮೆಟರೈಜಿಯಂ. 1884ರಲ್ಲಿ ಸ್ಮೇಲಾ ಎಂಬ ಊರಿನಲ್ಲಿ ಕ್ರಾಸಿಲ್ಶ್ಚಿಕ್ ಎಂಬವನು ಅದರ ಬೀಜಕಣಗಳನ್ನು ಹೇರಳವಾಗಿ ತಯಾರಿಸಿ, ಸಕ್ಕರೆ ಬೀಟಿನ ಮೂತಿಹುಳುವಿನ ಮೇಲೆ ಪ್ರಯೋಗಿಸಿದನು. ಅಂದು ಸಕ್ಕರೆಯ ಗಡ್ಡೆ, ಇಂದು ಸಕ್ಕರೆಯ ಕೋಲು!

ನಮ್ಮ ಕಬ್ಬಿನ ವೈರಿಯಾದ ಗೊಣ್ಣೆಹುಳು ಆ ಗೋದಿಯ ದುಂಬಿಯ ದಾಯಾದಿಯೇ. ಮುಂಗಾರಿನ ಮೊದಲ ಮಳೆಗಳಿಗೆ ದುಂಬಿಗಳು ಮಣ್ಣಿನಿಂದೆದ್ದು, ಮುಸ್ಸಂಜೆಯಲ್ಲಿ ಬೇವು, ಜಾಲಿಗಳನ್ನು ಮುತ್ತುತ್ತವೆ. ಬಳಿಕ ನೆಲದಲ್ಲಿ ಮೊಟ್ಟೆಯಿಡುತ್ತವೆ. ಮರಿಗಳು ಬೇರನ್ನು ತಿಂದುಹಾಕಿದಾಗ ಕಬ್ಬು ಹಳದಿಯಾಗಿ ಒಣಗುತ್ತದೆ, ಎಳೆದರೆ ಕೈಗೇ ಬರುತ್ತದೆ. ಒಂದು ಮನೆಯ ವರ್ಷದ ಅನ್ನ ಹೀಗೆ ಮಣ್ಣುಪಾಲಾಗಬಹುದು. ಆಳದಲ್ಲಿರುವ ಹುಳುವಿಗೆ ಸಿಂಪಡಿಸಿದ ವಿಷವು ಸುಲಭವಾಗಿ ತಲುಪದು.

ಮೆಟರೈಜಿಯಂ ತಲುಪುತ್ತದೆ. ಹುಳು ಅದನ್ನು ತಿನ್ನಬೇಕಾದುದಿಲ್ಲ. ಬೀಜಕಣ ಚರ್ಮಕ್ಕಂಟಿ ಮೊಳೆತು, ಚರ್ಮವನ್ನು ಕರಗಿಸಿ ಒಳಹೊಕ್ಕು ಹಬ್ಬುತ್ತದೆ. ಹುಳು ಸತ್ತಮೇಲೆ ಹಸಿರು ಹಿಟ್ಟಾಗಿ ಹೊರಬಂದು, ಇನ್ನೊಂದು ಹುಳುವಿಗೆ ಕಾಯುತ್ತದೆ. 1986ರಲ್ಲಿ ಸ್ಥಾಪಿತವಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಇಂಥ ಶಿಲೀಂಧ್ರಗಳ ಅಧ್ಯಯನದಲ್ಲಿ ಬಹುಕಾಲದಿಂದ ತೊಡಗಿದೆ. ಸೋಯಾ ಅವರೆಯ ಎಲೆ ತಿನ್ನುವ ಹುಳುವಿಗೆ ಇದೇ ಕುಲದ ಇನ್ನೊಂದು ಜಾತಿಯನ್ನು ಪರೀಕ್ಷಿಸಿದೆ.

ನಗರವಾಸಿಗಳಾದ ನಿಮ್ಮಲ್ಲಿ ಅನೇಕರ ಹೊಲ ಹಳ್ಳಿಯಲ್ಲಿದೆಯಷ್ಟೆ? ಅಲ್ಲಿರುವವರಿಗೆ ಇಷ್ಟು ತಿಳಿಸಿರಿ: ಇದನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ನೆಲ ತೇವವಿರುವಾಗ ಬೇರಿನ ಬಳಿ ಕೊಡಬೇಕು. ಬಿಸಿಲು ಇದಕ್ಕಾಗದು, ಗುಣ ಕಾಣಲು ದಿನಗಳು ಬೇಕು. ಹಿಪ್ಪುನೇರಳೆ ತೋಟದ ಸಮೀಪ ಮಾತ್ರ ಬಳಸಲಾಗದು, ರೇಷ್ಮೆಹುಳುವೂ ಹುಳುವೇ. ಗುದ್ದಲಿಗೆ ಹಸಿರು ಹಿಟ್ಟು ಹತ್ತಿದ ಸತ್ತ ಗೊಣ್ಣೆಹುಳು ಸಿಕ್ಕರೆ, ಅದನ್ನು ಕಬ್ಬಿನ ಬುಡಕ್ಕೇ ಮರಳಿಸಿರಿ.