ಕ್ರೀಡಾಪಟುಗಳ ಮೇಲೆ ಅಭಿಮಾನಿಗಳ ನಿಂದನೆ

ವೃತ್ತಿಪರ ಆಟಗಾರರು ಸೋತಾಗ ಅಥವಾ ಎದುರಾಳಿ ತಂಡದ ಪರವಾಗಿ ಉತ್ತಮವಾಗಿ ಆಡಿದಾಗ ಪ್ರೇಕ್ಷಕರು ಅವರನ್ನೂ ಅವರ ಕುಟುಂಬದವರನ್ನೂ ಬೈಯುವುದು, ಬೆದರಿಸುವುದು ಹಾಗೂ ಜಾತಿ, ಧರ್ಮ, ವರ್ಣಗಳನ್ನು ಹಿಡಿದು ಅವಮಾನಿಸುವುದನ್ನು ಅಭಿಮಾನಿಗಳ ನಿಂದನೆ ಎನ್ನಲಾಗುತ್ತದೆ. ಆಟದ ಲೋಪವನ್ನು ಎತ್ತಿ ತೋರಿಸುವ ವಿಮರ್ಶೆ ಇದರಲ್ಲಿ ಸೇರುವುದಿಲ್ಲ.

ಹಿನ್ನೆಲೆ

ಹಿಂದೆ ಈ ಸಿಟ್ಟು ಪ್ರತಿಕೃತಿ ದಹನ, ಮನೆಯ ಮೇಲೆ ಕಲ್ಲುತೂರಾಟಗಳಲ್ಲಿ ಕಾಣಿಸಿಕೊಳ್ಳುತ್ತಿತ್ತು. 1996ರ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಗಾಯದ ಕಾರಣ ಆಡದಿದ್ದ ಪಾಕಿಸ್ತಾನದ ನಾಯಕ ವಾಸಿಂ ಅಕ್ರಂ ಅವರ ಪ್ರತಿಕೃತಿಗಳನ್ನು ಅವರ ದೇಶದವರೇ ಸುಟ್ಟರು. ಮೊಬೈಲ್ ಬಂದ ಮೇಲೆ ಕ್ರೀಡಾಂಗಣಕ್ಕೆ ಎಂದೂ ಕಾಲಿಡದವರು ಕೂಡ ಕನಕಪುರದ ಕಡೆಯ ಹಳ್ಳಿಯೊಂದರ ಜಗಲಿಯಲ್ಲಿ ಕುಳಿತೇ ಆಟಗಾರನಿಗೆ ನೇರವಾಗಿ ಬೈಗುಳ ತಲುಪಿಸಬಲ್ಲರು.

ಕರ್ನಾಟಕಕ್ಕೆ ಸಂಬಂಧಿಸಿದ ಪ್ರಕರಣಗಳು

ಬೆಂಗಳೂರಿನ ಸ್ಟುವರ್ಟ್ ಬಿನ್ನಿ 2014ರಲ್ಲಿ ಬಾಂಗ್ಲಾದೇಶದ ವಿರುದ್ಧ 4 ರನ್‌ಗೆ 6 ವಿಕೆಟ್ ಪಡೆದು, ಏಕದಿನ ಪಂದ್ಯಗಳಲ್ಲಿ ಅನಿಲ್ ಕುಂಬ್ಳೆಯವರ ಹೆಸರಿನಲ್ಲಿದ್ದ ಭಾರತೀಯ ದಾಖಲೆಯನ್ನು ಮುರಿದಿದ್ದರು. 2016ರ ಆಗಸ್ಟ್ 27ರಂದು ಅಮೆರಿಕದ ಫ್ಲಾರಿಡಾದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಒಂದೇ ಓವರಿನಲ್ಲಿ 32 ರನ್ ಕೊಟ್ಟಾಗ ಆ ಸಾಧನೆ ಯಾರಿಗೂ ನೆನಪಾಗಲಿಲ್ಲ. ಭಾರತ 1 ರನ್ನಿನಿಂದ ಸೋತಿತು. ಬೈಗುಳ ಅವರ ಪತ್ನಿ, ಕ್ರೀಡಾ ನಿರೂಪಕಿ ಮಯಂತಿ ಲ್ಯಾಂಗರ್ ಅವರತ್ತಲೂ ತಿರುಗಿತು. ಸಾಯುವಂತೆ ಹೇಳಿದವರನ್ನು ಅವರು ಬಹಿರಂಗವಾಗಿಯೇ ಖಂಡಿಸಿದರು. ಬಿನ್ನಿಯವರಿಗೆ ಅದೇ ಕೊನೆಯ ಅಂತರರಾಷ್ಟ್ರೀಯ ಪಂದ್ಯವಾಯಿತು.

ಅದೇ ಪಂದ್ಯದಲ್ಲಿ ಔಟಾಗದೆ 110 ರನ್ ಹೊಡೆದಿದ್ದ ಕೆ. ಎಲ್. ರಾಹುಲ್ ಕೂಡ ಮುಂದೆ ಗೇಲಿಗೆ ಗುರಿಯಾದರು. ಯಾವ ಆಟಗಾರನೂ ಬೇಕೆಂದು ಕೆಟ್ಟದಾಗಿ ಆಡುವುದಿಲ್ಲ, ಇಂತಹ ಮಾತುಗಳು ತಮ್ಮನ್ನೂ ಸಹ ಆಟಗಾರರನ್ನೂ ನೋಯಿಸುತ್ತವೆ ಎಂದು 2023ರಲ್ಲಿ ಅವರು ಹೇಳಿದರು.

2021ರ ಅಕ್ಟೋಬರ್ 11ರಂದು ಶಾರ್ಜಾದಲ್ಲಿ ನಡೆದ ಐಪಿಎಲ್ ಎಲಿಮಿನೇಟರ್‌ನಲ್ಲಿ ಆರ್‌ಸಿಬಿ ತಂಡವು ಕೋಲ್ಕತ್ತಕ್ಕೆ ಸೋತಿತು. ಡ್ಯಾನ್ ಕ್ರಿಶ್ಚಿಯನ್ ಅವರ ಒಂದು ಓವರಿನಲ್ಲಿ ಸುನಿಲ್ ನರೈನ್ ಮೂರು ಸಿಕ್ಸರ್ ಬಾರಿಸಿದ್ದರು. ಸಿಟ್ಟಿಗೆದ್ದವರು ಕ್ರಿಶ್ಚಿಯನ್ನರ ಗರ್ಭಿಣಿ ಸಂಗಾತಿಯ ಇನ್‌ಸ್ಟಾಗ್ರಾಂ ಪುಟದಲ್ಲಿ ಬೈಗುಳ ಬರೆದರು. ಆಟ ಚೆನ್ನಾಗಿ ಆಡಲಿಲ್ಲವೆಂಬುದನ್ನು ಒಪ್ಪಿಕೊಂಡ ಅವರು, ಆಕೆಯನ್ನು ಇದರಿಂದ ಹೊರಗಿಡಿ ಎಂದು ಕೇಳಿಕೊಂಡರು. ಗ್ಲೆನ್ ಮ್ಯಾಕ್ಸ್‌ವೆಲ್ ಇದನ್ನು ಹೇಸಿಗೆ ಎಂದು ಕರೆದು, ನಿಜವಾದ ಅಭಿಮಾನಿಗಳಿಗೆ ಧನ್ಯವಾದ ಹೇಳಿದರು.

2023ರ ಮೇ 21ರಂದು ಚಿನ್ನಸ್ವಾಮಿಯಲ್ಲಿ ಶುಭಮನ್ ಗಿಲ್ ಔಟಾಗದೆ 104 ರನ್ ಗಳಿಸಿ ಆರ್‌ಸಿಬಿಯ ಪ್ಲೇಆಫ್ ದಾರಿಯನ್ನು ಮುಚ್ಚಿದರು. ಆ ರಾತ್ರಿ ಬೈಗುಳ ತಿಂದವರಲ್ಲಿ ಅವರ ಸಹೋದರಿಯೂ ಒಬ್ಬರು. ಆಟವಾಡದ ಹೆಂಗಸರೇ ಮೊದಲು ಗುರಿಯಾಗುವುದು ಈ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ಮೈದಾನದಲ್ಲಿ ಪ್ರತಿಕ್ರಿಯೆ

2021ರ ಜನವರಿಯಲ್ಲಿ ಸಿಡ್ನಿ ಟೆಸ್ಟ್ ವೇಳೆ ಪ್ರೇಕ್ಷಕರು ನಿಂದಿಸಿದಾಗ ಮೊಹಮ್ಮದ್ ಸಿರಾಜ್ ನಾಯಕ ಅಜಿಂಕ್ಯ ರಹಾನೆಯವರ ಮೂಲಕ ಅಂಪೈರ್‌ಗಳಿಗೆ ತಿಳಿಸಿದರು. ಆಟ ಕೆಲಕಾಲ ನಿಂತಿತು. ಕೆಲವರನ್ನು ಹೊರಗೆ ಕಳುಹಿಸಲಾಯಿತು.

ಕಾನೂನು

ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದುಪಡಿಸಿತು. ಈಗ ಬೆದರಿಕೆಗೆ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮು, ಮಹಿಳೆಯ ಮಾನಕ್ಕೆ ಧಕ್ಕೆ ತರುವ ಮಾತಿಗೆ 79ನೇ ಕಲಮು ಅನ್ವಯಿಸುತ್ತವೆ. 2021ರಲ್ಲಿ ಧರ್ಮದ ಹೆಸರಿನಲ್ಲಿ ನಿಂದನೆಗೊಳಗಾದ ಮೊಹಮ್ಮದ್ ಶಮಿಯವರ ಪರ ವಿರಾಟ್ ಕೊಹ್ಲಿ ಮಾತನಾಡಿದ ಬಳಿಕ, ಕೊಹ್ಲಿಯವರ ಪುಟ್ಟ ಮಗಳಿಗೆ ಬೆದರಿಕೆ ಬಂತು. ಮುಂಬೈ ಪೊಲೀಸರು ಯುವಕನೊಬ್ಬನನ್ನು ಬಂಧಿಸಿದರು. ದೂರುದಾರರು ಒಪ್ಪಿದ್ದರಿಂದ ಬಾಂಬೆ ಹೈಕೋರ್ಟ್ 2023ರಲ್ಲಿ ಪ್ರಕರಣವನ್ನು ರದ್ದುಗೊಳಿಸಿತು.